ಬ್ಲಾಂಡೋ, ಪೇಲ್ ಏಲೋ? ಎರಡೂ ಕಡೆ ಕೆಂಪು ಗುರುತು ಬಿದ್ದ ಬಿಯರ್

ಪ್ರಶ್ನೆ: ಮನೆಯಲ್ಲಿ ಬಿಯರ್ ಮಾಡೋಕೆ ಶುರು ಮಾಡಿ ಒಂದು ವರ್ಷ ಆಯಿತು. ಇಷ್ಟು ದಿನ ಕಿಟ್‌ನಲ್ಲೇ ಮಾಡುತ್ತಿದ್ದೆ. ಈ ಸಲ ಮೊದಲ ಬಾರಿಗೆ ನನ್ನದೇ ರೆಸಿಪಿ. 20 ಲೀಟರಿಗೆ 4 ಕೆಜಿ ಪೇಲ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ತಿಳಿ ಬಣ್ಣದ ಬಾರ್ಲಿ), 300 ಗ್ರಾಂ ಕ್ರಿಸ್ಟಲ್ 60 ಮಾಲ್ಟ್ (ಬಣ್ಣ, ಕ್ಯಾರಮೆಲ್ ರುಚಿ ಕೊಡುವ ಬಗೆ). 67 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಮಾಲ್ಟ್ ನೆನೆಸಿದೆ (ಮ್ಯಾಶ್). ಕಹಿ, ಪರಿಮಳ ಕೊಡುವ ಹೂವು ಹಾಪ್ಸ್ ಒಂದೇ ತಳಿಯದು, ಕ್ಯಾಸ್ಕೇಡ್. ಪ್ಯಾಕೆಟ್ ಮೇಲೆ ಆಲ್ಫಾ (ಕಹಿ ಕೊಡುವ ಆಮ್ಲ) 5.5% ಎಂದಿತ್ತು. 60 ನಿಮಿಷದ ಕುದಿಗೆ 30 ಗ್ರಾಂ, ಕೊನೆಯ 10 ನಿಮಿಷಕ್ಕೆ 15 ಗ್ರಾಂ. ಯೀಸ್ಟ್ ಯುಎಸ್-05, 18 ಡಿಗ್ರಿ. ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ, ಸಕ್ಕರೆ ಇದ್ದಷ್ಟೂ ಹೆಚ್ಚು) 1.047ರಿಂದ 1.011ಕ್ಕೆ ಇಳಿದು ನಿಂತಿತು. ಸಾಫ್ಟ್‌ವೇರ್ ಪ್ರಕಾರ ಕಹಿಯ ಅಳತೆ 23 ಐಬಿಯು, ಬಣ್ಣದ ಅಳತೆ (ಗಾಢವಾದಷ್ಟೂ ಹೆಚ್ಚು) 8 ಎಸ್‌ಆರ್‌ಎಂ. ಬಿಯರಿನ ಬಗೆ ಅಮೆರಿಕನ್ ಪೇಲ್ ಏಲ್ ಎಂದು ಆರಿಸಿದರೆ, ಮಿತಿಯ ಹೊರಗೆ ಎಂದು ಕಹಿಯ ಮುಂದೆ ಕೆಂಪು ಗುರುತು. ಬ್ಲಾಂಡ್ ಏಲ್ ಎಂದರೆ ಬಣ್ಣದ ಮುಂದೆ ಕೆಂಪು ಗುರುತು. ಒಬ್ಬ ಗೆಳೆಯ ‘ಕ್ರಿಸ್ಟಲ್ ಹಾಕಿದ್ದೀಯಲ್ಲ, ಅದು ಅಂಬರ್’ ಅಂತಾನೆ. ಇನ್ನೊಬ್ಬ ‘ಕ್ಯಾಸ್ಕೇಡ್ ಅಂದಮೇಲೆ ಐಪಿಎ’ (ಹಾಪ್ಸ್ ಜೋರಾಗಿರುವ ಇಂಡಿಯಾ ಪೇಲ್ ಏಲ್) ಅಂತಾನೆ. ಬಾಟಲಿಗೆ ತುಂಬಿ ಮೂರು ವಾರ ಆಗಿದೆ. ಇನ್ನು ಆರು ವಾರಕ್ಕೆ ಹವ್ಯಾಸಿಗಳ ಒಂದು ಸ್ಪರ್ಧೆ ಇದೆ. ಯಾವ ವಿಭಾಗದಲ್ಲಿ ಹೆಸರು ಕೊಡಲಿ? ಯಾವುದಕ್ಕೂ ಸೇರುತ್ತಿಲ್ಲ ಅಂದರೆ ನಾನೇ ಏನಾದರೂ ತಪ್ಪು ಮಾಡಿದೆನಾ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ನಿಮ್ಮನ್ನು ನಿಜವಾಗಿ ಕೊರೆಯುತ್ತಿರುವುದು ಅದೇ ಅಲ್ವಾ? ನೀವು ಏನೂ ತಪ್ಪು ಮಾಡಿಲ್ಲ. 1.047ರಿಂದ ಹೊರಟು 1.011ಕ್ಕೆ ನಿಂತಿದೆ ಅಂದರೆ ಯೀಸ್ಟ್ ತನ್ನ ಕೆಲಸ ಪೂರ್ತಿ ಮಾಡಿದೆ. ಆಲ್ಕೋಹಾಲ್ ಸುಮಾರು 4.7%. ಬಿಯರ್ ಸರಿಯಾಗೇ ಆಗಿದೆ, ಹೆಸರು ಮಾತ್ರ ಸಿಕ್ಕಿಲ್ಲ.

ಹೆಸರು ಯಾಕೆ ಸಿಗುತ್ತಿಲ್ಲ ಅಂದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆಯುತ್ತಿವೆ. ಹವ್ಯಾಸಿ ಸ್ಪರ್ಧೆಗಳಲ್ಲಿ ಹೆಚ್ಚಾಗಿ ಬಳಸುವುದು ಬಿಯರ್ ತೀರ್ಪುಗಾರರಿಗೆ ಪ್ರಮಾಣಪತ್ರ ಕೊಡುವ ಬಿಜೆಸಿಪಿ ಸಂಸ್ಥೆಯ 2021ರ ಬಿಯರ್ ಬಗೆಗಳ ಪಟ್ಟಿ. ನಿಮ್ಮ ಸಾಫ್ಟ್‌ವೇರ್ ಒಳಗೂ ಬಹುಶಃ ಅದೇ ಇದೆ. ಆ ಪಟ್ಟಿಯಲ್ಲಿ ಬ್ಲಾಂಡ್ ಏಲ್‌ಗೆ ಕಹಿ 15ರಿಂದ 28, ಬಣ್ಣ 3ರಿಂದ 6. ಅಮೆರಿಕನ್ ಪೇಲ್ ಏಲ್‌ಗೆ ಕಹಿ 30ರಿಂದ 50, ಬಣ್ಣ 5ರಿಂದ 10. ನಿಮ್ಮ ಬಿಯರಿನ ಕಹಿ ಬ್ಲಾಂಡ್ ಕಡೆ ಇದೆ, ಬಣ್ಣ ಪೇಲ್ ಏಲ್ ಕಡೆ ಇದೆ. ಗ್ರಾವಿಟಿ ಎರಡಕ್ಕೂ ಒಪ್ಪುತ್ತೆ, ಹಾಗಾಗಿ ಅದರಿಂದ ಪಂಚಾಯಿತಿ ತೀರುವುದಿಲ್ಲ.

ಇಲ್ಲಿ ಒಂದು ವಿಷಯ ನೆನಪಿಡಬೇಕು. ಬಿಯರ್ ಮೊದಲು ಬಂತು, ಪಟ್ಟಿ ಆಮೇಲೆ ಬಂತು. ಜಗತ್ತಿನ ಬಿಯರ್‌ಗಳನ್ನು ಬಗೆಬಗೆಯಾಗಿ ವಿಂಗಡಿಸಿ ನೋಡುವ ಅಭ್ಯಾಸ ಜನಪ್ರಿಯವಾದದ್ದೇ 1977ರ ಆಚೆಗೆ, ಮೈಕಲ್ ಜಾಕ್ಸನ್ ಎಂಬ ಬ್ರಿಟಿಷ್ ಬರಹಗಾರರಿಂದ. ಹಾಡಿ ಕುಣಿಯುತ್ತಿದ್ದವರಲ್ಲ, ಇವರು ಬೇರೆ. ಬಿಜೆಸಿಪಿ ಹುಟ್ಟಿದ್ದು 1985ರಲ್ಲಿ. ಅವರ ಪಟ್ಟಿಯ ಅಂಕಿಗಳು ಯಾರೋ ಕೂತು ಮಾಡಿದ ಕಾನೂನಲ್ಲ. ಆ ಹೆಸರಿನಲ್ಲಿ ಓಡಾಡುವ ಒಳ್ಳೆಯ ಬಿಯರ್‌ಗಳು ಸಾಮಾನ್ಯವಾಗಿ ಎಲ್ಲಿಂದ ಎಲ್ಲಿವರೆಗೆ ಇರುತ್ತವೆ ಅನ್ನುವ ಅಂದಾಜು, ಅಷ್ಟೇ. ಅದು ಜರುಗುತ್ತಲೂ ಇರುತ್ತೆ. 2008ರ ಪಟ್ಟಿಯಲ್ಲಿ ಪೇಲ್ ಏಲ್ ಬಣ್ಣ 14ರವರೆಗೂ ಹೋಗಬಹುದಿತ್ತು. 2015ರಲ್ಲಿ ಅದನ್ನು 10ಕ್ಕೆ ಇಳಿಸಿದರು. ಒಂದೇ ಬಾಟಲಿ ಒಂದು ವರ್ಷ ಒಳಗೆ, ಇನ್ನೊಂದು ವರ್ಷ ಹೊರಗೆ! ಹೆಸರಿಗೆ ನಿಜವಾದ ಕಾನೂನಿನ ಬೇಲಿ ಇರುವುದು ಕೋಲ್ಷ್‌ನಂಥ ಕೆಲವೇ ಬಿಯರ್‌ಗಳಿಗೆ. ಯುರೋಪಿಯನ್ ಒಕ್ಕೂಟದಲ್ಲಿ ಆ ಹೆಸರು ಕೋಲೋನ್ ಸೀಮೆಯ ಬ್ರೂವರಿಗಳಿಗೆ ಮಾತ್ರ ಮೀಸಲು. ನಿಮ್ಮ ವಿಷಯದಲ್ಲಿ ಅಂಥ ತೊಡಕಿಲ್ಲ.

ಈಗ ಗೆಳೆಯರ ಮಾತಿಗೆ ಬರೋಣ.

ಕ್ರಿಸ್ಟಲ್ ಹಾಕಿದ ಮಾತ್ರಕ್ಕೆ ಅಂಬರ್ ಆಗುವುದಿಲ್ಲ. ಅಂಬರ್ ಏಲ್ ಬಣ್ಣ ಶುರುವಾಗುವುದೇ 10ರಿಂದ. ನಿಮ್ಮ ರೆಸಿಪಿಯಲ್ಲಿ ಇದೇ ಕ್ರಿಸ್ಟಲ್ ಅರ್ಧ ಕೆಜಿ ಹಾಕಿದ್ದರೆ ಆ ಗೆರೆ ಮುಟ್ಟುತ್ತಿತ್ತು. ಮುಟ್ಟಿದ್ದರೂ ಸಾಲದು. ಅಂಬರ್ ಕುಡಿದಾಗ ಟಾಫಿ, ಕ್ಯಾರಮೆಲ್ ರುಚಿ ಮುಂದೆ ಬಂದು ನಿಲ್ಲಬೇಕು. ನಿಮ್ಮದರಲ್ಲಿ ಕ್ರಿಸ್ಟಲ್ ಪಾಲು ಒಟ್ಟು ಮಾಲ್ಟಿನ 7%. ಅದು ಹಿಂದೆ ಕೂತು ಮಾತಾಡುತ್ತೆ, ಮುಂದೆ ಬರೋದಿಲ್ಲ. ಅಂದಹಾಗೆ, ಕ್ರಿಸ್ಟಲ್ ಎನ್ನುವುದು ಒಂದೇ ಮಾಲ್ಟ್ ಅಲ್ಲ. 10ರಿಂದ 120ರವರೆಗೆ ಬೇರೆಬೇರೆ ಬಣ್ಣದಲ್ಲಿ ಬರುತ್ತೆ. ‘300 ಗ್ರಾಂ ಕ್ರಿಸ್ಟಲ್’ ಎಂದಷ್ಟೇ ಬರೆದ ರೆಸಿಪಿ ಕಂಡರೆ ನಾನು ಆ ಪುಟವನ್ನೇ ಮಗುಚಿಬಿಡುತ್ತೇನೆ. ನೀವು 60 ಎಂದು ಬರೆದಿರಿ, ಬಚಾವ್.

ಇನ್ನು ಐಪಿಎ. ಇದಂತೂ ದೂರದ ಮಾತು. ಅಮೆರಿಕನ್ ಐಪಿಎಗೆ ಗ್ರಾವಿಟಿಯೇ 1.056ರಿಂದ ಶುರು, ಕಹಿ 40ರಿಂದ 70. ಆದರೆ ನಿಮ್ಮ ಗೆಳೆಯನ ಮಾತಿನ ಹಿಂದೆ ಒಂದು ತಪ್ಪು ತಿಳಿವಳಿಕೆ ಇದೆ. ಅದನ್ನು ಬಿಡಿಸಿದರೆ ನಿಮ್ಮ ಅರ್ಧ ಪ್ರಶ್ನೆ ತಾನಾಗೇ ಬಗೆಹರಿಯುತ್ತೆ. ಹಾಪ್ಸ್ ಯಾವುದು ಅನ್ನುವುದಕ್ಕಿಂತ ಎಷ್ಟು ಹಾಕಿದಿರಿ, ಯಾವಾಗ ಹಾಕಿದಿರಿ ಅನ್ನುವುದೇ ದೊಡ್ಡದು.

ಹಾಪ್ಸ್ ಒಳಗೆ ಆಲ್ಫಾ ಆಮ್ಲ ಇರುತ್ತೆ. ಅದು ಇದ್ದಹಾಗೇ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಕುದಿಯುವಾಗ ಅದರ ರಚನೆ ಬದಲಾಗಿ, ಕರಗಿ, ಕಹಿ ಕೊಡುತ್ತೆ. ಅದಕ್ಕೆ ಹೊತ್ತು ಬೇಕು. ಹಾಪ್ಸ್ ಪರಿಮಳ ಇರುವುದು ಎಣ್ಣೆಯಲ್ಲಿ. ಆ ಎಣ್ಣೆ ಕುದಿಯ ಹಬೆಯ ಜೊತೆ ಹಾರಿಹೋಗುತ್ತೆ. ಒಂದನ್ನು ಹಿಡಿಯಲು ಹೊರಟರೆ ಇನ್ನೊಂದು ಕೈತಪ್ಪುತ್ತೆ. ನೀವು 60 ನಿಮಿಷಕ್ಕೆ ಹಾಕಿದ 30 ಗ್ರಾಂ ಕ್ಯಾಸ್ಕೇಡ್ ಬರೀ ಕಹಿ ಕೊಟ್ಟಿದೆ. ಆ ಜಾಗದಲ್ಲಿ ಬೇರೆ ಹಾಪ್ಸ್ ಅಷ್ಟೇ ಕಹಿಗೆ ಹಾಕಿದ್ದರೂ ಕುಡಿದವರಿಗೆ ಗುರುತು ಸಿಗುವುದು ಕಷ್ಟ. ಕ್ಯಾಸ್ಕೇಡ್ ಎಂದು ಹೇಳಿಕೊಳ್ಳುವ ಪರಿಮಳ ಏನಿದ್ದರೂ ಆ ಕೊನೆಯ 15 ಗ್ರಾಂನದ್ದು. 20 ಲೀಟರಿಗೆ 15 ಗ್ರಾಂ ಅಂದರೆ ಲೀಟರಿಗೆ ಮುಕ್ಕಾಲು ಗ್ರಾಂ. ಅದರಲ್ಲೂ ಹತ್ತು ನಿಮಿಷದ ಕುದಿಯಲ್ಲಿ ಒಂದಷ್ಟು ಹಾರಿಹೋಗಿದೆ.

ಹೋಲಿಸಿ ನೋಡಲು ಒಂದು ಬಿಯರ್ ಇದೆ. ಕ್ಯಾಲಿಫೋರ್ನಿಯಾದ ಚಿಕೋ ಊರಿನ ಸಿಯೆರಾ ನೆವಾಡಾ ಬ್ರೂವರಿ 1980ರಲ್ಲಿ ಮಾಡಿದ ಪೇಲ್ ಏಲ್. ಅಮೆರಿಕನ್ ಪೇಲ್ ಏಲ್ ಅಂದರೆ ಹೀಗಿರಬೇಕು ಎಂದು ಜನ ಬೆರಳು ತೋರಿಸುವುದು ಅದರ ಕಡೆಗೆ. ಅದರ ಹೆಗ್ಗುರುತು ಕ್ಯಾಸ್ಕೇಡ್. ಯುಎಸ್-05 ಯೀಸ್ಟ್ ಕೂಡ ‘ಚಿಕೋ’ ಎಂದು ಕರೆಯುವ ಅದೇ ಬಳಗದ್ದು. ಪೇಲ್ ಮಾಲ್ಟ್, ಜೊತೆಗೆ ಸ್ವಲ್ಪ ಕ್ಯಾರಮೆಲ್ ಬಗೆಯ ಮಾಲ್ಟ್. ಸಾಮಾನಿನ ಪಟ್ಟಿ ಎದುರುಬದುರು ಇಟ್ಟರೆ ಅದೂ ನಿಮ್ಮದೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದರೆ ಅದರ ಕಹಿ 38 ಐಬಿಯು, ನಿಮ್ಮದು 23. ಅದರ ಗ್ಲಾಸು ಮೂಗಿನ ಹತ್ತಿರ ಬರುವ ಮುಂಚೆಯೇ ಹಾಪ್ಸ್ ಹೊಡೆಯುತ್ತೆ. ನಿಮ್ಮದರಲ್ಲಿ ಹುಡುಕಬೇಕಾಗುತ್ತೆ ಅನ್ನುವುದು ನನ್ನ ಅಂದಾಜು.

ಅಂದಾಜು ಅಂದೆ, ಯಾಕೆಂದರೆ ನಾನು ಕುಡಿದಿಲ್ಲ. ಸಾಫ್ಟ್‌ವೇರ್ ಕೂಡ ಕುಡಿದಿಲ್ಲ! ಅದು ಕೊಟ್ಟ 23 ಎಂಬ ಅಂಕಿಯನ್ನೇ ನೋಡಿ. ಕಹಿ ಲೆಕ್ಕ ಹಾಕುವ ಟಿನ್ಸೆತ್ ಸೂತ್ರದಲ್ಲಿ ನಿಮ್ಮ ರೆಸಿಪಿಗೆ 23 ಬರುತ್ತೆ. ರೇಗರ್ ಎಂಬ ಇನ್ನೊಂದು ಸೂತ್ರ ಹಾಕಿದರೆ 27 ಬರುತ್ತೆ. ಬಿಯರ್ ಅದೇ, ಲೆಕ್ಕ ಬೇರೆ. ಕ್ಯಾಸ್ಕೇಡ್ ಆಲ್ಫಾ ಕೂಡ ಬೆಳೆಯಿಂದ ಬೆಳೆಗೆ ಸುಮಾರು 4.5ರಿಂದ 7ರವರೆಗೆ ಏರಿಳಿಯುತ್ತೆ. ಪ್ಯಾಕೆಟ್ ಮೇಲಿನದು ಪರೀಕ್ಷೆ ಮಾಡಿದ ದಿನದ ಅಂಕಿ. ಕ್ಯಾಸ್ಕೇಡ್ ಬೇಗ ಬಲ ಕಳೆದುಕೊಳ್ಳುವ ಹಾಪ್ಸ್. ಬೆಚ್ಚಗಿನ ಕೋಣೆಯಲ್ಲಿ ಆರು ತಿಂಗಳು ಬಿದ್ದಿದ್ದರೆ ಆಲ್ಫಾ ಸುಮಾರು ಅರ್ಧಕ್ಕೆ ಇಳಿಯಬಹುದು. ನಿಮ್ಮ ಪ್ಯಾಕೆಟ್ ಫ್ರಿಜ್‌ನಲ್ಲಿತ್ತಾ, ಕಪಾಟಿನಲ್ಲಿತ್ತಾ? ಕಪಾಟಿನಲ್ಲಿದ್ದರೆ 23 ಕೂಡ ಜಾಸ್ತಿಯೇ. ಏನೇ ಆದರೂ ಎರಡೂ ಸೂತ್ರ 30ರ ಕೆಳಗೇ ಇವೆ, ಎರಡೂ ಬ್ಲಾಂಡ್ ಬೇಲಿಯ ಒಳಗೇ ಇವೆ. ಇದಿಷ್ಟನ್ನು ನಂಬಬಹುದು.

ಅಂಕಿ ಎಷ್ಟು ಮೋಸ ಮಾಡಬಹುದು ಅನ್ನುವುದಕ್ಕೆ ಒಂದು ತಮಾಷೆ ಹೇಳುತ್ತೇನೆ. ನಿಮ್ಮ ಅಂಕಿಗಳನ್ನು ಬೆಸ್ಟ್ ಬಿಟರ್ ಎಂಬ ಇಂಗ್ಲಿಷ್ ಏಲ್ ಪಕ್ಕ ಇಟ್ಟು ನೋಡಿ. ಅದರ ಗ್ರಾವಿಟಿ 1.040ರಿಂದ 1.048, ನಿಮ್ಮದು ಒಳಗೆ. ಕೊನೆಯ ಗ್ರಾವಿಟಿ 1.008ರಿಂದ 1.012, ಅದೂ ಒಳಗೆ. ಬಣ್ಣ 8ರಿಂದ 16, ಹೊಸ್ತಿಲ ಮೇಲೆ ನಿಂತಿದೆ. ಆಲ್ಕೋಹಾಲ್ 4.6%ವರೆಗೆ, ನಿಮ್ಮದು ಒಂದು ಕೂದಲು ಜಾಸ್ತಿ. ಕಹಿ 25ರಿಂದ, ನಿಮ್ಮದು ಎರಡು ಕಡಿಮೆ. ಅಂಕಿ ಮಾತ್ರ ನೋಡುವವರು ‘ಬಿಟರ್‌ಗೆ ಇನ್ನೇನು ಕೂತೇಬಿಟ್ಟಿತು’ ಅಂದುಬಿಡುತ್ತಾರೆ. ಆದರೆ ಬಿಟರ್ ಕುಡಿದಾಗ ಇಂಗ್ಲಿಷ್ ಯೀಸ್ಟ್ ಕೊಡುವ ಹಣ್ಣಿನ ವಾಸನೆ ಇರಬೇಕು. ಹಾಪ್ಸ್ ಮಣ್ಣು, ಹೂವಿನ ಕಡೆಗಿರಬೇಕು. ಗ್ಯಾಸ್ ಕಡಿಮೆ ಇರಬೇಕು. ನಿಮ್ಮ ಯುಎಸ್-05 ತನ್ನ ಗುರುತನ್ನು ಹೆಚ್ಚು ಬಿಡದ ಯೀಸ್ಟ್. ಕ್ಯಾಸ್ಕೇಡ್ ಇರುವಷ್ಟೂ ಕಿತ್ತಳೆ ಸಿಪ್ಪೆ, ಗ್ರೇಪ್‌ಫ್ರೂಟ್ ಕಡೆಗೆ ವಾಲುತ್ತೆ. ಮೊದಲ ಗುಟುಕಿಗೇ ಇದು ಬಿಟರ್ ಅಲ್ಲ ಎಂದು ಗೊತ್ತಾಗಿಬಿಡುತ್ತೆ.

ಹಾಗಾಗಿ ಒಂದು ಬಾಟಲಿ ತೆಗೆಯಿರಿ. ಕುಡಿಯೋಕಲ್ಲ, ಕೇಳೋಕೆ. ಫ್ರಿಜ್‌ನಿಂದ ತೆಗೆದು ಹದಿನೈದು ನಿಮಿಷ ಹೊರಗಿಡಿ. ತೀರಾ ತಣ್ಣಗಿದ್ದರೆ ಮೂಗಿಗೆ ಏನೂ ಸಿಗುವುದಿಲ್ಲ. ಗ್ಲಾಸಿಗೆ ಅರ್ಧ ಮಾತ್ರ ಸುರಿಯಿರಿ. ಅಂಗೈ ಮುಚ್ಚಿ ಎರಡು ಸುತ್ತು ತಿರುಗಿಸಿ, ಕೈ ತೆಗೆದ ತಕ್ಷಣ ಮೂಸಿ. ಮೊದಲು ಹೊಳೆದ ಪದವನ್ನು ಬರೆದುಕೊಳ್ಳಿ. ಬ್ರೆಡ್ಡಾ, ಬಿಸ್ಕತ್ತಾ, ಟಾಫಿಯಾ, ಕಿತ್ತಳೆ ಸಿಪ್ಪೆಯಾ? ಎರಡನೇ ಸಲ ಮೂಸಿದಾಗ ಹೊಳೆಯುವುದು ಮೂಗಿನ ಮಾತಲ್ಲ, ನಿಮ್ಮ ಆಸೆಯ ಮಾತು. ಆಮೇಲೆ ಒಂದು ಗುಟುಕು. ನುಂಗಿದ ಮೇಲೆ ಹತ್ತು ಎಣಿಸಿ. ನಾಲಿಗೆಯ ಹಿಂಭಾಗದಲ್ಲಿ ಇನ್ನೂ ಕಹಿ ಕೂತಿದೆಯಾ, ಅಥವಾ ಮಾಲ್ಟಿನ ಸಿಹಿ ಉಳಿದಿದೆಯಾ? ಬಣ್ಣವನ್ನು ಕೊನೆಗೆ ನೋಡಿ, ಬಿಳಿ ಹಾಳೆ ಹಿಂದೆ ಹಿಡಿದು. ಅಗಲವಾದ ಗ್ಲಾಸಿನಲ್ಲಿ ಅದೇ ಬಿಯರ್ ಜಾಸ್ತಿ ಗಾಢವಾಗಿ ಕಾಣುತ್ತೆ. ಅಂಬರ್ ಎಂದ ಗೆಳೆಯ ಬಹುಶಃ ದೊಡ್ಡ ಮಗ್‌ನಲ್ಲಿ ನೋಡಿರಬೇಕು.

ಬಣ್ಣವನ್ನು ಕೊನೆಗೆ ಯಾಕೆ ಇಟ್ಟೆ? ಬಿಜೆಸಿಪಿ ಅಂಕಪಟ್ಟಿ ಒಟ್ಟು 50ರದ್ದು. ವಾಸನೆಗೆ 12, ರುಚಿಗೆ 20, ಬಾಯಲ್ಲಿ ಕೂರುವ ರೀತಿಗೆ 5, ಒಟ್ಟಾರೆ ಅನಿಸಿಕೆಗೆ 10. ನೋಟಕ್ಕೆ ಬರೀ 3. ಆ ಮೂರರಲ್ಲೇ ಬಣ್ಣ, ತಿಳಿ, ನೊರೆ ಎಲ್ಲ ಬರಬೇಕು. ಅಂದರೆ ಬಣ್ಣ ಎರಡು ಹೆಜ್ಜೆ ಆಚೆ ಇದ್ದರೆ ಹೆಚ್ಚೆಂದರೆ ಒಂದು ಅಂಕ ಹೋಗುತ್ತೆ. ಹಾಪ್ಸ್ ಕಡಿಮೆ ಇದ್ದರೆ ವಾಸನೆಯಲ್ಲೂ ಹೋಗುತ್ತೆ, ರುಚಿಯಲ್ಲೂ ಹೋಗುತ್ತೆ, ಒಟ್ಟಾರೆಯಲ್ಲೂ ಹೋಗುತ್ತೆ. ನಿಮ್ಮ ಸಾಫ್ಟ್‌ವೇರ್ ಎರಡಕ್ಕೂ ಒಂದೇ ಅಳತೆಯ ಕೆಂಪು ಗುರುತು ಹಾಕಿದೆ. ತೀರ್ಪುಗಾರರ ಮೇಜಿನಲ್ಲಿ ಆ ಎರಡು ಗುರುತು ಸಮ ಅಲ್ಲ.

ಇದನ್ನು ನಾನು ಕಲಿತದ್ದು ಬುದ್ಧಿವಂತಿಕೆಯಿಂದಲ್ಲ. ಬಹಳ ಹಿಂದೆ ನಿಮ್ಮದರಂಥದೇ ಒಂದು ಬಿಯರನ್ನು ಪೇಲ್ ಏಲ್ ವಿಭಾಗಕ್ಕೆ ಕಳಿಸಿದ್ದೆ. ಬಣ್ಣ ಸರಿ ಇತ್ತು, ಹೆಸರೂ ಗತ್ತಾಗಿತ್ತು. ಅಂಕಪಟ್ಟಿ ವಾಪಸ್ ಬಂದಾಗ ಅದರಲ್ಲಿ ಒಂದೇ ಸಾಲು: ‘ಶುದ್ಧವಾದ ಬಿಯರ್. ಹಾಪ್ಸ್ ಎಲ್ಲಿ?’ ಎರಡು ದಿನ ಉರಿದುಕೊಂಡೆ. ತೀರ್ಪುಗಾರನಿಗೆ ನಾಲಿಗೆಯೇ ಇಲ್ಲ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ. ಮುಂದೆ ನಾನೇ ಆ ಕಡೆಯ ಕುರ್ಚಿಯಲ್ಲಿ ಕೂತಾಗ ವಿಷಯ ಅರ್ಥವಾಯಿತು. ಸಾಲಾಗಿ ಏಳೆಂಟು ಪೇಲ್ ಏಲ್ ಬರುತ್ತವೆ. ನಾಲ್ಕನೆಯದಕ್ಕೇ ನಾಲಿಗೆ ಹಾಪ್ಸ್‌ಗೆ ಹೊಂದಿಕೊಂಡಿರುತ್ತೆ. ಐದನೆಯದಾಗಿ ಒಂದು ಮೆತ್ತನೆಯ ಬಿಯರ್ ಬಂದರೆ ನೀರು ಕುಡಿದಹಾಗೆ ಅನ್ನಿಸುತ್ತೆ. ಅದೇ ಬಿಯರ್ ಬ್ಲಾಂಡ್ ಸಾಲಿನಲ್ಲಿ ಬಂದಿದ್ದರೆ ‘ಇದರಲ್ಲಿ ಏನೋ ಇದೆ’ ಎಂದು ಪೆನ್ನು ಎತ್ತುತ್ತಿದ್ದೆ.

ಹಾಗಾಗಿ ನನ್ನ ಒಲವು ಬ್ಲಾಂಡ್ ಏಲ್ ಕಡೆಗೆ. ಅದರಲ್ಲೂ ಅಪಾಯ ಇದೆ, ಮುಚ್ಚಿಡುವುದಿಲ್ಲ. ಬ್ಲಾಂಡ್‌ನಲ್ಲಿ ಕ್ಯಾರಮೆಲ್ ರುಚಿ ಸಾಮಾನ್ಯವಾಗಿ ಇರುವುದಿಲ್ಲ, ಇದ್ದರೂ ಜೇನಿನಂಥ ತೆಳು ರುಚಿ. ನಿಮ್ಮ ಕ್ರಿಸ್ಟಲ್ 60 ಅದಕ್ಕಿಂತ ಸ್ವಲ್ಪ ಗಾಢ. ಗ್ಲಾಸಿನಲ್ಲಿ ಮೊದಲು ಹೊಳೆದ ಪದ ‘ಟಾಫಿ’ ಆಗಿದ್ದರೆ ಬ್ಲಾಂಡ್ ತೀರ್ಪುಗಾರರೂ ಹುಬ್ಬು ಏರಿಸುತ್ತಾರೆ. ‘ಬ್ರೆಡ್’ ಅಥವಾ ‘ಬಿಸ್ಕತ್ತು’ ಆಗಿದ್ದರೆ ಕಣ್ಣು ಮುಚ್ಚಿ ಬ್ಲಾಂಡ್ ಎಂದು ತುಂಬಿ. ‘ಕಿತ್ತಳೆ ಸಿಪ್ಪೆ’ ಎಂದು ಜೋರಾಗಿ ಹೊಳೆದಿದ್ದರೆ ನನ್ನ ಲೆಕ್ಕ ತಪ್ಪು, ಪೇಲ್ ಏಲ್‌ಗೇ ಕಳಿಸಿ. ನಿಮ್ಮ ಮೂಗಿನ ಮುಂದೆ ನನ್ನ ಕಾಗದದ ಲೆಕ್ಕ ನಿಲ್ಲುವುದಿಲ್ಲ.

ಈಗ ಬಾಟಲಿ ಬಿಚ್ಚಿ ಹಾಪ್ಸ್ ಹಾಕಿ ಪೇಲ್ ಏಲ್ ಮಾಡಿಬಿಡೋಣ ಅನ್ನುವ ಯೋಚನೆ ಬಂದರೆ ಬೇಡ. ಹಾಪ್ಸ್ ಬಿದ್ದ ತಕ್ಷಣ ಗ್ಯಾಸ್ ನೊರೆಯಾಗಿ ಉಕ್ಕುತ್ತೆ, ಒಳಗೆ ಗಾಳಿ ಸೇರುತ್ತೆ. ಆರು ವಾರಕ್ಕೆ ಒದ್ದೆ ರಟ್ಟಿನ ವಾಸನೆ ಬಂದು ಇದ್ದ ಬಿಯರೂ ಹೋಗುತ್ತೆ.

ಮುಂದಿನ ಬ್ಯಾಚ್‌ನಲ್ಲಿ ಮಾತ್ರ ಕೈ ಆಡಿಸಬಹುದು. ಇದೇ ರೆಸಿಪಿ ನಡುದಾರಿಯಲ್ಲಿ ನಿಂತಿರುವುದರಿಂದ ಯಾವ ಕಡೆಗೂ ಸುಲಭವಾಗಿ ತಿರುಗುತ್ತೆ. ಅಚ್ಚುಕಟ್ಟಾದ ಬ್ಲಾಂಡ್ ಬೇಕಿದ್ದರೆ ಕ್ರಿಸ್ಟಲ್ 100 ಗ್ರಾಂಗೆ ಇಳಿಸಿ, ಬಣ್ಣ 5ಕ್ಕೆ ಬರುತ್ತೆ. ಉಳಿದದ್ದು ಮುಟ್ಟಬೇಡಿ. ಇದರ ತೊಂದರೆ ಒಂದೇ. ತೆಳುವಾದ ಬಿಯರಿನಲ್ಲಿ ತಪ್ಪು ಅಡಗುವುದಿಲ್ಲ. ಯೀಸ್ಟ್ 18 ಡಿಗ್ರಿ ಬಿಟ್ಟು 24ಕ್ಕೆ ಹೋದರೆ ಅದು ಗ್ಲಾಸಿನಲ್ಲಿ ಎದ್ದು ಕಾಣುತ್ತೆ.

ಪೇಲ್ ಏಲ್ ಬೇಕಿದ್ದರೆ ಕೆಲಸ ಹಾಪ್ಸ್‌ನಲ್ಲಿದೆ. 60 ನಿಮಿಷಕ್ಕೆ 35 ಗ್ರಾಂ, 10 ನಿಮಿಷಕ್ಕೆ 30 ಗ್ರಾಂ, ಒಲೆ ಆರಿಸಿದ ಮೇಲೆ ಇನ್ನೊಂದು 30 ಗ್ರಾಂ. ಕಹಿ 30ರ ಗೆರೆ ದಾಟುತ್ತೆ, ಪರಿಮಳವೂ ಬರುತ್ತೆ. ಹುದುಗು ಮುಗಿಯುವ ಹೊತ್ತಿಗೆ 40 ಗ್ರಾಂ ಡ್ರೈ ಹಾಪ್ ಮಾಡಿದರೆ (ಕುದಿಸದೆ ನೇರ ಬಿಯರಿಗೇ ಹಾಪ್ಸ್ ಹಾಕಿದರೆ) ಇನ್ನೂ ಚೆನ್ನ. ಮೂರು ನಾಲ್ಕು ದಿನ ಸಾಕು. ಜಾಸ್ತಿ ಬಿಟ್ಟರೆ ಹುಲ್ಲಿನ ರುಚಿ ಇಳಿಯುತ್ತೆ. ಮುಚ್ಚಳ ತೆರೆದು ನೋಡುವ ಚಟ ಇದ್ದರೆ ಡ್ರೈ ಹಾಪ್ ಸಹವಾಸಕ್ಕೇ ಹೋಗಬೇಡಿ, ಗಾಳಿ ತಾಗಿದರೆ ಆ ಪರಿಮಳ ಮೊದಲು ಸಾಯುತ್ತೆ. ಕಹಿ ಇನ್ನೂ ಚುರುಕಾಗಲಿ ಎಂದು ಆಲ್ಫಾ ಜಾಸ್ತಿ ಇರುವ ಹಾಪ್ಸ್ ಸುರಿಯುವವರಿದ್ದಾರೆ. ಮೊದಲು ನೀರು ನೋಡಿ. ಸಲ್ಫೇಟ್ ಇರುವ ನೀರಿನಲ್ಲಿ ಅಷ್ಟೇ ಐಬಿಯು ಹೆಚ್ಚು ಒಣಗಿದಂತೆ, ಮೊನಚಾಗಿ ತಾಗುತ್ತೆ.

ಬಿಟರ್ ಆಸೆ ಹುಟ್ಟಿದ್ದರೆ ಪೇಲ್ ಮಾಲ್ಟ್ 3.7 ಕೆಜಿಗೆ ಇಳಿಸಿ, ಕ್ರಿಸ್ಟಲ್ 400 ಗ್ರಾಂ ಮಾಡಿ. 60 ನಿಮಿಷಕ್ಕೆ ಫಗಲ್ ಹಾಪ್ಸ್ 40 ಗ್ರಾಂ, 15 ನಿಮಿಷಕ್ಕೆ ಈಸ್ಟ್ ಕೆಂಟ್ ಗೋಲ್ಡಿಂಗ್ಸ್ 20 ಗ್ರಾಂ. ಯೀಸ್ಟ್ ಎಸ್-04. ಬಾಟಲಿಗೆ ಹಾಕುವ ಸಕ್ಕರೆ ಕಡಿಮೆ ಮಾಡಿ. ನನಗೆ ತುಂಬ ಇಷ್ಟದ ಬಿಯರ್ ಇದು, ಆದರೆ ನಿಮ್ಮ ಪ್ರಶ್ನೆ ಅದಲ್ಲ, ಬಿಡಿ.

ಈ ಮೂರು ದಾರಿಗಳನ್ನು ಒಂದೇ ಬ್ಯಾಚ್‌ನಲ್ಲಿ ಬೆರೆಸಬೇಡಿ. ಒಂದು ಸಲಕ್ಕೆ ಒಂದು ದಾರಿ. ಇಲ್ಲದಿದ್ದರೆ ರುಚಿ ಬದಲಾದದ್ದು ಯಾವುದರಿಂದ ಎಂದು ಗೊತ್ತೇ ಆಗುವುದಿಲ್ಲ.

ಸ್ಪರ್ಧೆಯ ಅರ್ಜಿ ಈಗಲೇ ತುಂಬಬೇಕಿಲ್ಲ ಅಂದರೆ ತುಂಬಬೇಡಿ. ಹಾಪ್ಸ್ ಪರಿಮಳ ಬಾಟಲಿಯಲ್ಲಿ ದಿನೇದಿನೇ ಇಳಿಯುತ್ತೆ, ಟಾಫಿ ರುಚಿ ಅಷ್ಟು ಬೇಗ ಇಳಿಯುವುದಿಲ್ಲ. ಇವತ್ತು ಪೇಲ್ ಏಲ್ ಅನ್ನಿಸಿದ ಬಿಯರ್ ಆರು ವಾರದ ಹೊತ್ತಿಗೆ ಬ್ಲಾಂಡ್ ಕಡೆ ಇನ್ನೊಂದು ಹೆಜ್ಜೆ ಇಟ್ಟಿರುತ್ತೆ. ತೀರ್ಪುಗಾರರ ಮುಂದೆ ಹೋಗುವುದು ಅವತ್ತಿನ ಬಿಯರ್, ಇವತ್ತಿನದಲ್ಲ. ಕಳಿಸುವ ಬಾಟಲಿಗಳನ್ನು ಈಗಲೇ ಎತ್ತಿ ಫ್ರಿಜ್‌ನಲ್ಲಿಡಿ, ಕಳಿಸುವವರೆಗೂ ಅಲ್ಲೇ ಇರಲಿ. ಅವುಗಳ ಪಕ್ಕದಲ್ಲೇ ಒಂದು ಬಾಟಲಿ ಜಾಸ್ತಿ ಇಡಿ. ಅರ್ಜಿ ಕೊಡುವ ಕೊನೆಯ ದಿನದ ಹಿಂದಿನ ಸಂಜೆ ಅದನ್ನು ತೆಗೆದು, ಅಂಗೈ ಮುಚ್ಚಿ, ಎರಡು ಸುತ್ತು ತಿರುಗಿಸಿ, ಮೂಸಿ. ಮೊದಲು ಹೊಳೆದ ಪದ ನೋಡಿಕೊಂಡು ವಿಭಾಗ ಬರೆಯಿರಿ.